ಕಾಕ ತೋರಿಸಿದ ಖುಝಾಮಾ

ಅವರ ಎಡಗೈ ಬಲಗೈಗಿಂತ ತುಂಬ ಕಪ್ಪಗಿತ್ತು. ಸೌದಿಯಲ್ಲಿ ಸ್ಟಿಯರಿಂಗ್ ಎಡಕ್ಕೆ. ಇಪ್ಪತ್ತೈದು ವರ್ಷ ಕಿಟಕಿಯ ಬಿಸಿಲೆಲ್ಲ ಆ ಒಂದೇ ಕೈಯ ಮೇಲೆ ಬಿದ್ದಿತ್ತು. ಎರಡೂ ಕೈಗಳನ್ನು ಸ್ಟಿಯರಿಂಗ್ ಮೇಲಿಟ್ಟು ಕೂತರೆ ಇಬ್ಬರು ಬೇರೆ ಬೇರೆ ಮನುಷ್ಯರ ಕೈಗಳ ಹಾಗೆ ಕಾಣುತ್ತಿದ್ದವು.

ಜುಬೈಲ್‌ನ ನಮ್ಮ ಕ್ಯಾಂಪಿನಿಂದ ಕಾರ್ಖಾನೆಗೆ ಹೋಗುವ ಬಸ್ಸಿನ ಡ್ರೈವರ್ ಅವರು. ಉಪ್ಪಿನಂಗಡಿ ಕಡೆಯ ಬ್ಯಾರಿ ಮುಸ್ಲಿಮರು. ಊರಿನವರು, ಪರವೂರಿನವರು, ಎಲ್ಲರಿಗೂ ಅವರು ಕಾಕ. ಉಡುಪಿ ಕಡೆಯ ಕ್ರಿಶ್ಚಿಯನ್ ಎಂದು ಗೊತ್ತಾದ ದಿನದಿಂದ ನಾನು ಅವರಿಗೆ ‘ಪೊರ್ಬುಗಳು’. ನನ್ನ ವಯಸ್ಸು ಅವರ ವಯಸ್ಸಿನ ಅರ್ಧ. ಆದರೂ ಬಹುವಚನ ಬಿಡಲಿಲ್ಲ. ಬೆಳಿಗ್ಗೆ ಯಾರಾದರೂ ತಡ ಮಾಡಿ ಉಳಿದವರು ಗೊಣಗಿದರೆ, “ಬರ್ಲಿ ಮಾರಾಯ್ರೆ, ಚಪ್ಪಲಿ ಹಾಕ್ತಾ ಇರ್ಬೇಕು” ಎನ್ನುವರು. ಒಬ್ಬನನ್ನೂ ಬಿಟ್ಟು ಹೊರಟಿದ್ದು ನಾನು ನೋಡಿಲ್ಲ.

ಕಾರ್ಖಾನೆಯ ಆಫೀಸಿನಲ್ಲಿ ಕಾಗದಪತ್ರ ಜೋಡಿಸುವುದು ನನ್ನ ಕೆಲಸ. ರೂಮಿನಲ್ಲಿ ನಾಲ್ಕು ಜನರಿದ್ದರೂ ಮಾತಾಡಲು ಯಾರೂ ಇರಲಿಲ್ಲ. ಮೊದಲ ವರ್ಷ ಒಂದು ಕ್ಯಾಮೆರಾ ಕೊಂಡೆ. ಶುಕ್ರವಾರದ ರಜೆಯಲ್ಲಿ ಪಾರಿವಾಳ, ನೀರಿನ ಟ್ಯಾಂಕು, ಒಣಗಲು ಹಾಕಿದ ಅಂಗಿಗಳ ಫೋಟೊ ತೆಗೆಯುತ್ತಿದ್ದೆ. ಒಂದು ದಿನ ಕಾಕ ಬಂದು ಹಿಂದೆ ನಿಂತರು.

“ಎಂತ ತೆಗೀತೀರಿ ಪೊರ್ಬುಗಳೇ, ಅಂಗಿದಾ?”

“ಇಲ್ಲಿ ಬೇರೆ ಎಂತ ಉಂಟು ಕಾಕ? ಬರೀ ಮರಳು.”

“ಈ ಸಲ ಮಳೆ ಒಳ್ಳೇದು ಬಂದಿದೆ. ನೋಡುವ” ಎಂದಷ್ಟೇ ಹೇಳಿ ಹೋದರು.

ಫೆಬ್ರವರಿಯ ಮೊದಲ ಶುಕ್ರವಾರ ಗೆಳೆಯರೊಬ್ಬರ ಹಳೆಯ ಪಿಕಪ್ ತಂದು ನನ್ನನ್ನು ಹತ್ತಿಸಿಕೊಂಡರು. ಉತ್ತರಕ್ಕೆ ಎರಡು ಗಂಟೆ ಓಡಿಸಿದೆವು. ಹುಡುಕುತ್ತಿದ್ದದ್ದು ಖುಝಾಮಾ, ಮರುಭೂಮಿಯ ಲ್ಯಾವೆಂಡರ್ ಎಂದು ಜನ ಕರೆಯುವ ನೇರಳೆ ಹೂ. ಆ ದಿನ ಸಿಕ್ಕಿದ್ದು ಒಂಟೆಗಳು ಮೇಯ್ದು ಬಿಟ್ಟ ಬುಡಗಳು ಮಾತ್ರ. ಮರುವಾರ ಅದೂ ಸಿಗಲಿಲ್ಲ. ನಾನು ಬೇಡವೆಂದರೂ ಕೇಳದೆ ಮೂರನೆಯ ಶುಕ್ರವಾರ ಮತ್ತೆ ಹೊರಡಿಸಿದರು. ದಾರಿಯಲ್ಲಿ ಕುರಿ ಕಾಯುವ ಒಬ್ಬ ಸುಡಾನಿ ಮುದುಕನನ್ನು ಅರಬ್ಬಿಯಲ್ಲಿ ವಿಚಾರಿಸಿದರು. ಅವನು ಕೋಲೆತ್ತಿ ಪಶ್ಚಿಮಕ್ಕೆ ತೋರಿಸಿದ.

ಒಂದು ದಿಬ್ಬ ಹತ್ತಿ ಇಳಿದದ್ದೇ ತಡ, ಕಾಕ ಬ್ರೇಕ್ ಒತ್ತಿದರು. ತಗ್ಗಿನ ಉದ್ದಕ್ಕೂ ನೇರಳೆ. ಗಿಡಗಳು ಮೊಣಕಾಲಿಗೂ ಬರುವುದಿಲ್ಲ, ಆದರೆ ಅವುಗಳ ನಡುವೆ ನೆಲವೇ ಕಾಣುತ್ತಿರಲಿಲ್ಲ. ಗಾಳಿ ಬಂದಾಗ ಪರಿಮಳ ಪಿಕಪ್ಪಿನೊಳಗೆ ನುಗ್ಗಿತು. ನಾನು ಹೊಟ್ಟೆಯ ಮೇಲೆ ಮಲಗಿ, ಮಂಡಿಯೂರಿ, ಪಿಕಪ್ಪಿನ ಮೇಲೆ ಹತ್ತಿ, ಬ್ಯಾಟರಿ ಮುಗಿಯುವವರೆಗೆ ಫೋಟೊ ತೆಗೆದೆ. ಕಾಕ ಹೂಗಳನ್ನು ತುಳಿಯದೆ ಅಂಚಿನಲ್ಲೇ ಕೂತಿದ್ದರು. ನಾನು ಹತ್ತಿರ ಹೋಗಿ ಕೂತಾಗ ತಾವಾಗಿಯೇ ಹೇಳಿದರು.

“ನಾನು ಬಂದ ಎರಡನೇ ವರ್ಷ ಬಾಪ ತೀರಿಕೊಂಡ್ರು. ಕಾಗದ ಕೈಗೆ ಸಿಗುವಾಗ ಮಣ್ಣು ಮಾಡಿ ಹದಿನೆಂಟು ದಿವಸ. ರೂಮಲ್ಲಿ ಅಳ್ಳಿಕ್ಕೆ ಆಗ್ತದಾ? ಎಲ್ಲ ಮಲಗಿರ್ತಾರೆ, ಶಿಫ್ಟಿನವರು. ಲಾರಿ ತಕ್ಕೊಂಡು ಸುಮ್ಮನೆ ಓಡಿಸಿದೆ. ಇಲ್ಲೇ ಬಂದು ನಿಂತದ್ದು. ಈ ಹೂ ಇತ್ತು.”

ಹೇಳಿ, ಎದ್ದು ಪಿಕಪ್ಪಿನತ್ತ ನಡೆದರು.

ಆ ಫೋಟೊಗಳಲ್ಲಿ ಒಂದನ್ನು ತಮ್ಮನಿಗೆ ಕಳಿಸಿದೆ. ಅಮ್ಮ ಅದನ್ನು ಸ್ಟುಡಿಯೋದಲ್ಲಿ ದೊಡ್ಡದು ಮಾಡಿಸಿ ಮನೆಯ ದೇವರಪೀಠ ಅಲ್ತಾರಿನ ಪಕ್ಕ ತೂಗುಹಾಕಿದಳಂತೆ. ನೆರೆಯವರು ಬಂದರೆ, “ನನ್ನ ಮಗ ಇರುವ ಜಾಗ ಇದು” ಎನ್ನುವಳಂತೆ. ನಾನು ತಗಡಿನ ಕೋಣೆಯಲ್ಲಿದ್ದೇನೆಂಬ ಚಿಂತೆ ಅವಳಿಗೆ ಅಲ್ಲಿಗೆ ಮುಗಿಯಿತು.

ಎರಡು ವರ್ಷದ ಮೇಲೆ, ಒಂದು ಗುರುವಾರ, ಅಮ್ಮ ತೀರಿಕೊಂಡಳು. ನನ್ನ ಇಕಾಮಾ, ಅಂದರೆ ಅಲ್ಲಿನ ವಾಸದ ಪರವಾನಗಿ, ನವೀಕರಣಕ್ಕೆ ಹೋಗಿತ್ತು. ಅದು ಬಾರದೆ ದೇಶ ಬಿಡುವಂತಿಲ್ಲ. ಶುಕ್ರವಾರ ಬೆಳಿಗ್ಗೆ ಮಂಚದ ಮೇಲೆ ಕೂತಿದ್ದೆ. ಕಾಕ ಬಾಗಿಲಲ್ಲಿ ನಿಂತು, “ಬನ್ನಿ, ಹೋಗುವ” ಎಂದರು.

“ಮಳೆಯೇ ಬರ್ಲಿಲ್ಲ ಕಾಕ. ಹೂ ಎಲ್ಲಿ ಉಂಟು?”

“ಹೂ ಇಲ್ಲ. ಜಾಗ ಉಂಟಲ್ಲ.”

ದಾರಿಯ ಊರೊಂದರಲ್ಲಿ ನಿಲ್ಲಿಸಿ ಜುಮಾ ನಮಾಜು ಮಾಡಿ ಬಂದರು. ಸ್ಟಾರ್ಟ್ ಮಾಡುವ ಮೊದಲು, “ಅಲ್ಲಿ ಮಣ್ಣು ಎಷ್ಟು ಗಂಟೆಗೆ?” ಎಂದು ಕೇಳಿದರು. ನಾಲ್ಕಕ್ಕೆ ಎಂದೆ. “ಇಲ್ಲಿ ಎರಡೂವರೆ ಗಂಟೆ ಹಿಂದೆ, ಹಾಗಾದ್ರೆ ನಮ್ಮ ಒಂದೂವರೆ” ಎಂದು ಗಾಡಿ ಸ್ವಲ್ಪ ಜೋರು ಓಡಿಸಿದರು. ಅವರು ಜೋರು ಓಡಿಸಿದ್ದು ನಾನು ನೋಡಿದ್ದು ಅದೊಂದೇ ಸಲ.

ತಗ್ಗು ಬಿರುಕುಬಿಟ್ಟು ಒಣಗಿತ್ತು. ಒಂದೂವರೆಗೆ ಕಾಕ ವಾಚು ನೋಡಿ, “ಈಗ ಇಳಿಸ್ತಾ ಇರ್ತಾರೆ. ನಿಮ್ಮದು ಎಂತ ಪ್ರಾರ್ಥನೆ ಉಂಟೋ ಅದು ಹೇಳಿ” ಎಂದು ಪಿಕಪ್ಪಿನ ಆಚೆ ಬದಿಗೆ ಹೋಗಿ, ಬೆನ್ನು ತಿರುಗಿಸಿ ನಿಂತರು. ನಾನು ಜಪಮಾಲೆ ಶುರುಮಾಡಿ, ಅರ್ಧಕ್ಕೆ ಬಿಟ್ಟು, ಬಾಯಿ ತೆರೆದು ಅತ್ತೆ. ಎಷ್ಟು ಹೊತ್ತೋ ಗೊತ್ತಿಲ್ಲ. ಅವರು ಒಮ್ಮೆಯೂ ತಿರುಗಿ ನೋಡಲಿಲ್ಲ, ಒಂದು ಹೆಜ್ಜೆ ದೂರವೂ ಹೋಗಲಿಲ್ಲ.

ಮರುವರ್ಷ, ಬೆಳಗಿನ ಶಿಫ್ಟಿನವರನ್ನು ಇಳಿಸಿದ ಮೇಲೆ, ಕಾಕನಿಗೆ ಎದೆನೋವು ಬಂತು. ಬಸ್ಸನ್ನು ಗೆರೆಯೊಳಗೆ ಸರಿಯಾಗಿ ನಿಲ್ಲಿಸಿ, ಬೀಗದ ಕೈ ಕೊಟ್ಟು, ತಾವೇ ನಡೆದು ಕ್ಲಿನಿಕ್ಕಿಗೆ ಹೋದರಂತೆ. ಅಲ್ಲಿಂದ ಆಸ್ಪತ್ರೆಗೆ ಸಾಗಿಸಿದರು. ನನಗೆ ಸುದ್ದಿ ಮುಟ್ಟಿದ್ದು ಮಧ್ಯಾಹ್ನದ ಊಟದ ಹೊತ್ತಿಗೆ. ಓಡಿ ಹೋಗುವಷ್ಟರಲ್ಲಿ ಮುಖದ ಮೇಲೆ ಬಟ್ಟೆ ಎಳೆದಾಗಿತ್ತು. ಅವರ ಜೊತೆ ಯಾರೂ ಇರಲಿಲ್ಲ ಎಂದು ನರ್ಸ್ ಹೇಳಿದಳು.

ಸೌದಿಯಲ್ಲೇ ಮಣ್ಣು ಮಾಡಲು ಮನೆಯವರು ಒಪ್ಪಿದರು. ಕಾಗದಪತ್ರಕ್ಕೆಲ್ಲ ನಾನೇ ಓಡಾಡಿದೆ. ಎಲ್ಲ ಮುಗಿದ ಸಂಜೆ ಉಪ್ಪಿನಂಗಡಿಯಿಂದ ಅವರ ಮಗಳು ಫೋನ್ ಮಾಡಿದಳು. ಅಳುತ್ತಿರಲಿಲ್ಲ. ಮೆಲ್ಲಗೆ ಕೇಳಿದಳು:

“ಅಣ್ಣಾ, ಬಾಪ ಹೋಗುವಾಗ ಹತ್ರ ಯಾರಾದ್ರೂ ಇದ್ರಾ?”

“ನಾನಿದ್ದೆ” ಎಂದೆ. “ಕೈ ಹಿಡ್ಕೊಂಡು ಕೂತಿದ್ದೆ.”

ಆಮೇಲೆ ಎಷ್ಟೋ ಸಲ ಪಾಪನಿವೇದನೆಗೆ ಮೊಣಕಾಲೂರಿದ್ದೇನೆ. ಆ ಸುಳ್ಳನ್ನು ಮಾತ್ರ ಯಾವ ಪಾದ್ರಿಯ ಮುಂದೆಯೂ ಹೇಳಿಲ್ಲ.