‘ಟಕ್’ ಎನ್ನದ ಸಾಲು

ಟಕ್. ಮರದ ಮೇಜಿಗೆ ಬೆರಳಿನ ಗಿಣ್ಣು ತಾಗುವ ಸದ್ದು, ಅಷ್ಟೆ. ಕಾನ್ವೆಂಟಿನ ಸಿಸ್ಟರುಗಳು ಶ್ರದ್ಧೆಯಿಂದ ಕಲಿಸಿದ ಪ್ರಾರ್ಥನೆಗಳೇ ಅರ್ಧ ಮರೆತುಹೋಗಿರುವಾಗ ಈ ಯಃಕಶ್ಚಿತ್ ಸದ್ದೊಂದು ಕಿವಿಯಲ್ಲಿ ಉಳಿದಿರುವುದು ನನಗೂ ಸ್ವಲ್ಪ ನಾಚಿಕೆಯ ವಿಷಯವೇ.

ಆಗ ನಾನು ಮಾಲೂರಿನಲ್ಲಿ, ನೀರಿನ ಪಂಪು ಮಾಡುವ ಕಾರ್ಖಾನೆಯೊಂದರಲ್ಲಿ ಟೈಪಿಸ್ಟು. ಟೆಂಡರುಗಳಿಗೆ ಇಂಗ್ಲಿಷಿನಲ್ಲಿ ಉತ್ತರ ಬರೆಯುವುದು ನನ್ನ ಕೆಲಸ. ಬರೆದದ್ದನ್ನು ಒಪ್ಪುವುದು ಫೋರ್‌ಮನ್ ಮುನಿಸ್ವಾಮಪ್ಪನವರ ಕೆಲಸ. ಅವರಿಗೆ ಇಂಗ್ಲಿಷು ಬಾರದು. ಒಂದೊಂದೇ ಸಾಲನ್ನು ನಾನು ಕನ್ನಡದಲ್ಲಿ, ಅದು ಸಾಲದಿದ್ದರೆ ನನ್ನ ಮುರುಕು ತೆಲುಗಿನಲ್ಲಿ ಹೇಳಬೇಕು. ಆಗುವ ಮಾತಾದರೆ ಅವರ ಗಿಣ್ಣು ಟಕ್ ಎನ್ನುತ್ತಿತ್ತು. ಸದ್ದು ಬಾರದಿದ್ದರೆ ಆ ವಾಕ್ಯ ಎಷ್ಟೇ ಲಾವಣ್ಯವತಿಯಾಗಿದ್ದರೂ ಹೊಡೆದುಹಾಕಬೇಕು. ನನ್ನ ಎಷ್ಟೋ ಬ್ಯೂಟಿಫುಲ್ ಸೆಂಟೆನ್ಸುಗಳು ಆ ಮೌನದಲ್ಲೇ ಮುಕ್ತಿ ಪಡೆದವು.

ಒಮ್ಮೆ ಅವರು ರಜೆಯಲ್ಲಿದ್ದಾಗ, ಪಂಪು ಕೆಟ್ಟರೆ ಅಂದೇ ಬಂದು ರಿಪೇರಿ ಮಾಡುತ್ತೇವೆಂದು ನಾನೇ ಸರಾಗವಾಗಿ ಟೈಪಿಸಿ ಕಳಿಸಿಬಿಟ್ಟೆ. ಶ್ರೀನಿವಾಸಪುರದ ಕಡೆಯ ಆಸ್ಪತ್ರೆಯೊಂದರಿಂದ ಕರೆ ಬಂದದ್ದು ಅವರ ಮಗಳ ನಿಶ್ಚಿತಾರ್ಥದ ದಿನ. ಉಟ್ಟ ಹೊಸ ಪಂಚೆಯಲ್ಲೇ ಸಾಮಾನಿನ ಚೀಲ ಹಿಡಿದು ಹೊರಟರಂತೆ. ಮರುದಿನ ಬೈಯಲಿಲ್ಲ.

“ಬರೆಯೋರು ನೀವು, ಬಸ್ ಹತ್ತೋನು ನಾನು. ಅಲ್ವಾ ಮೇಡಮ್ಮೋರೇ?” ಅಂದರು.

ಪಂಚೆಯ ಗ್ರೀಸಿನ ಕಲೆ ಕಡೆಗೂ ಹೋಗಲಿಲ್ಲವೆಂದು ಅವರ ಹೆಂಡತಿ ಆಮೇಲೆ ಹೇಳಿದ್ದರು.

ಇದೆಲ್ಲ ನೆನಪಾದದ್ದು ಮೊನ್ನೆ ಭಾನುವಾರ, ನನ್ನ ತಂಗಿಯ ಮಗಳು ಸುಷ್ಮಾ ಕೋಲಾರದ ನಮ್ಮ ಮನೆಗೆ ಲ್ಯಾಪ್‌ಟಾಪ್ ಹಿಡಿದು ಬಂದಾಗ. ವೇಮಗಲ್‌ನ ಕಾರ್ಖಾನೆಯಲ್ಲಿ ಅವಳಿಗೂ ಪಂಪಿನ ಟೆಂಡರುಗಳದೇ ಉದ್ಯೋಗ. ಆದರೆ ಈಗ ಉತ್ತರ ಬರೆಯುವುದು ಎಐ. ಅವಳು ಒಂದೊಂದನ್ನೂ ಓದಿ, ‘ಪರಿಶೀಲಿಸಿದೆ’ ಎಂಬ ಚೌಕದಲ್ಲಿ ಗುರುತು ಹಾಕಬೇಕು. ಒಂದು ಡಯಾಲಿಸಿಸ್ ಕೇಂದ್ರದ ಟೆಂಡರು, ಇಂಗ್ಲಿಷು ಹೇಗಿದೆ ನೋಡು ಎಂದಳು. ನೋಡಿದೆ. ನಿಷ್ಕಳಂಕ ಗ್ರಾಮರ್, ನಮ್ಮ ಸಿಸ್ಟರು ಕಂಡಿದ್ದರೆ ಇಡೀ ಕ್ಲಾಸಿಗೆ ಓದಿ ಹೇಳುತ್ತಿದ್ದರು. ಚೌಕಗಳೂ ಭರ್ತಿ: ನಲವತ್ತು ಉತ್ತರಗಳಿಗೂ ಒಂದೇ ಒತ್ತಿನಲ್ಲಿ ಗುರುತು ಹಾಕಿಬಿಟ್ಟಿದ್ದಳು. ನಡುವೆ ಒಂದು ಸಾಲು, ನೀರಿನ ಪಂಪು ನಿಂತರೆ ಜಿಲ್ಲೆಯ ಯಾವ ಮೂಲೆಗಾದರೂ ನಮ್ಮವರು ಎರಡು ಗಂಟೆಯೊಳಗೆ ತಲುಪುತ್ತಾರೆ ಎಂದು.

“ಹೋಗೋರು ಯಾರು ಕಣೇ?” ಎಂದೆ.

“ಹಳೇ ಟೆಂಡರ್‌ಗಳಿಂದ ತಗೊಂಡಿರತ್ತೆ ದೊಡ್ಡಮ್ಮ. ಎಲ್ರೂ ಹಂಗೇ ಬರೀತಾರೆ. ಜಾಸ್ತಿ ಟೈಮ್ ಹಾಕಿದ್ರೆ ಆರ್ಡರ್ ಕೈಬಿಟ್ಟು ಹೋಗತ್ತೆ, ಮ್ಯಾನೇಜರ್ ನನ್ನ ಸುಮ್ನೆ ಬಿಡ್ತಾರಾ?”

ಪಂಪು ನಿಂತರೆ ಡಯಾಲಿಸಿಸ್ ಯಂತ್ರಗಳಿಗೆ ನೀರಿಲ್ಲ. ರಕ್ತ ಶುದ್ಧಿಗೆಂದು ಸೂಜಿ ಚುಚ್ಚಿಸಿಕೊಂಡು ಮಲಗಿದವರು ಎದ್ದು ಹೋಗುವಂತೆಯೂ ಇಲ್ಲ. ಹೋಗುವವರಿಗೇ ಫೋನ್ ಮಾಡು ಎಂದೆ. ಸರ್ವಿಸಿಗೆ ಹೋಗುವ ನಾಗರಾಜು ಮುಳಬಾಗಿಲಿನಲ್ಲಿದ್ದ. ಸುಷ್ಮಾ ಆ ಸಾಲನ್ನು ಅವನಿಗೆ ಕನ್ನಡದಲ್ಲಿ ಹೇಳಿದಳು.

“ಎಟ್ಲಕ್ಕಾ ಅವ್ತುಂದಿ? ಆಗೋ ಮಾತಾ ಇದು? ಈಗ ಇರೋನು ನಾನೊಬ್ನೇ. ಇನ್ನೊಬ್ಬ ಕೆಲ್ಸ ಬಿಟ್ಟು ಆರು ತಿಂಗಳಾಯ್ತು.”

ಎಐ ಲೆಕ್ಕದಲ್ಲಿ ಆ ಇನ್ನೊಬ್ಬ ಇನ್ನೂ ಕೆಲಸದಲ್ಲೇ ಇದ್ದ.

ಸುಷ್ಮಾ ನಲವತ್ತೂ ಗುರುತುಗಳನ್ನು ಅಳಿಸಿ, ಮೊದಲನೆಯ ಉತ್ತರದಿಂದ ನಾಗರಾಜುವಿಗೆ ಓದಿಹೇಳಲು ಶುರುಮಾಡಿದಳು. ಅವನು ಒಪ್ಪಿದ ಮೇಲೆ ಎರಡು ಗಂಟೆ ಹೋಗಿ ‘ಅದೇ ದಿನ’ ಎಂದಾಯಿತು. ಅವನ ಸಲಹೆಯಂತೆ ಕೇಂದ್ರದಲ್ಲೇ ಹೆಚ್ಚಿನದೊಂದು ಪಂಪು ಇಡುವುದೆಂದೂ ಸೇರಿತು. ಹೊರಡುವಾಗ ಅವಳ ಮುಖದಲ್ಲಿ ಮ್ಯಾನೇಜರ್ ಏನನ್ನುತ್ತಾರೋ ಎಂಬ ಭಯವಿತ್ತು. ಅದನ್ನು ತೆಗೆಯುವ ಇಂಗ್ಲಿಷು ನನ್ನಲ್ಲಿರಲಿಲ್ಲ.

ಎಐ ಮೇಲೆ ನನಗೆ ಸಿಟ್ಟೇನೂ ಇಲ್ಲ. ಅದಕ್ಕೂ ಹರೆಯದ ನನಗೂ ಅಂಥ ಅಂತರವಿರಲಿಲ್ಲ. ವಾಕ್ಯ ಸಲೀಸು, ಬಸ್ಸಿನ ಕಷ್ಟ ಗೊತ್ತಿಲ್ಲ. ನನ್ನೆದುರು ಒಬ್ಬರು ಕೂತಿದ್ದರು ಎಂಬುದಷ್ಟೇ ನನ್ನ ಪುಣ್ಯ.

ಮುನಿಸ್ವಾಮಪ್ಪನವರನ್ನು ಕಡೆಯದಾಗಿ ನೋಡಿದ್ದು ಟೇಕಲ್ ಸ್ಟೇಷನ್ನಿನಲ್ಲಿ. ಹುಷಾರಿಲ್ಲವೆಂದು ಕೇಳಿ ನೋಡಲು ಹೋಗಿದ್ದೆ. ಬೇಡವೆಂದರೂ ಕೋಲೂರಿಕೊಂಡು ಕಳಿಸಿಕೊಡಲು ಬಂದು, ಮರದ ಬೆಂಚಿನ ಮೇಲೆ ಪಕ್ಕದಲ್ಲಿ ಕೂತಿದ್ದರು. ರೈಲು ಬಂತು. “ಮುಂದಿನ ತಿಂಗಳು ಬರ್ತೀನಿ, ಮತ್ತೆ ಸಿಗೋಣ,” ಎಂದೆ. ಅವರು ನಕ್ಕರು. ಗಿಣ್ಣು ಮಡಿಸಿದ ಕೈ ಬೆಂಚಿನ ಮೇಲೇ ಇತ್ತು. ರೈಲು ಕದಲುವವರೆಗೂ ಕಿಟಕಿಯಿಂದ ಆ ಕೈಯನ್ನೇ ನೋಡುತ್ತಿದ್ದೆ; ಅದು ಅಲುಗಲಿಲ್ಲ.