ಜ್ವರಕ್ಕೆ ಕೂತ ನೋಟ್‌ಬುಕ್ಕುಗಳು

ಪೆನ್ಸಿಲ್ ಅಳಿಸುವ ರಬ್ಬರಿಗೆ ಎಂಥ ಮೋಹಕ ಪರಿಮಳವಿದೆ ಎಂಬುದನ್ನು ನೀವು ಮರೆತಿರಬಹುದು, ನಾನಂತೂ ಮರೆತಿದ್ದೆ. ಈಗ ನನ್ನ ಮೇಜಿನ ಮೇಲೆ ಉಪ್ಪಿನಕಾಯಿಯ ಹಳೆಯ ಗಾಜಿನ ಬಾಟಲಿಯೊಂದರಲ್ಲಿ ಹತ್ತೊಂಬತ್ತು ರಬ್ಬರುಗಳಿವೆ. ಒಂದು ಕಲ್ಲಂಗಡಿ ಹೋಳಿನ ಆಕಾರದ್ದು, ಒಂದು ಬಸ್ಸಿನ ಆಕಾರದ್ದು, ಮೂರಕ್ಕೆ ಹಲ್ಲಿನ ಗುರುತು. ಮುಚ್ಚಳ ತೆರೆದರೆ ಮಾವಿನಕಾಯಿ ಮತ್ತು ಸ್ಟ್ರಾಬೆರಿ ಬೆರೆತ ಒಂದು ಅಪೂರ್ವ ಗಂಧ ಹೊರಡುತ್ತದೆ. ಮಕ್ಕಳು ಆಟಕ್ಕೆ ಹೋದಾಗ ನಾನು ಅದನ್ನು ಗುಟ್ಟಾಗಿ ಮೂಸುತ್ತೇನೆಂದು ಇಲ್ಲಿ ಒಪ್ಪಿಕೊಂಡುಬಿಡುತ್ತೇನೆ.

ನಾನು ಮೂರನೇ ತರಗತಿಯ ಮೇಷ್ಟ್ರು. ಚನ್ನಪಟ್ಟಣದಲ್ಲಿ ಬಸ್ಸು ಹತ್ತಿ, ಹೊಂಗನೂರು ದಾಟಿ, ಹಿಪ್ಪುನೇರಳೆ ತೋಟಗಳ ನಡುವೆ ಇಳಿದು ನಡೆದರೆ ನಮ್ಮ ಶಾಲೆ. ಇಪ್ಪತ್ತು ವರ್ಷ ಮಕ್ಕಳ ಬರಹವನ್ನು ಕೆಂಪು ಶಾಯಿಯಲ್ಲಿ ಅದ್ದಿ ತೆಗೆದ ಮೇಲೆ, ಈ ವರ್ಷ ಇದ್ದಕ್ಕಿದ್ದಂತೆ ನನಗೆ ಜ್ಞಾನೋದಯವಾಯಿತು: ತಾವು ಬರೆದದ್ದನ್ನು ಮಕ್ಕಳು ತಾವೇ ತಿದ್ದಬೇಕು. ಆ ಉತ್ಸಾಹದ ಭರದಲ್ಲಿ, ಎಂಟು ವರ್ಷದ ಜೀವಿಗಳ ಎದುರು ನಿಂತು 'ಪುನರವಲೋಕನದ ಮಹತ್ವ' ಎಂಬ ವಿಷಯವಾಗಿ ಕಾಲು ಗಂಟೆ ಮಾತಾಡಿದೆ. ಅವರು ಗಂಭೀರವಾಗಿ ಕೇಳಿ, ಗಂಭೀರವಾಗಿ ರಬ್ಬರು ತೆಗೆದು, ಬರೆದದ್ದನ್ನೆಲ್ಲ ಅಳಿಸಿ, ಅದೇ ವಾಕ್ಯಗಳನ್ನು ಇನ್ನಷ್ಟು ದುಂಡಗೆ ಬರೆದುಕೊಟ್ಟರು. ರಮ್ಯಾ ಎಂಬ ಹುಡುಗಿಯ ಹಾಳೆಯಲ್ಲಿ ಮಾತ್ರ ತೂತಿತ್ತು. ಆ ತೂತಿನಲ್ಲಿ ಬೆರಳು ತೂರಿಸಿ ಆಡಿಸುತ್ತ, ಇಲ್ಲಿದ್ದ ವಾಕ್ಯ ಎಲ್ಲಿ ಹೋಯಿತೋ ಎಂಬಂತೆ ಅವಳು ನನ್ನನ್ನೇ ನೋಡಿದಳು.

ಈ ರಮ್ಯಾಳ ಮನೆಯವರು ರೇಷ್ಮೆ ಹುಳು ಸಾಕುವವರು. ಹುಳು ಬೆಳೆಯುವಾಗ ನಾಲ್ಕು ಸಲ ಮೇವು ಬಿಟ್ಟು, ತಲೆಯೆತ್ತಿ ಅಲುಗಾಡದೆ ಕೂತು, ಹಳೆಯ ಪೊರೆ ಕಳಚುತ್ತದೆ. ನಮ್ಮ ಕಡೆ ಅದಕ್ಕೆ ಜ್ವರ ಎನ್ನುತ್ತಾರೆ. ಮಾರನೆಯ ದಿನ ರಮ್ಯಾ ನನ್ನ ಮೇಜಿನ ಬಳಿ ಬಂದು ಮೆಲ್ಲಗೆ ಹೇಳಿದಳು:

"ಬರ್ದೇಟ್ಗೆ ತಿದ್ದು ಅಂದ್ರೆ ಆಗಕಿಲ್ಲ ಸಾ. ಜ್ವರಕ್ಕೆ ಕೂತ ಹುಳಾನ ಯಾರೂ ಮುಟ್ಟಕಿಲ್ಲ. ಸೊಪ್ಪೂ ಹಾಕಕಿಲ್ಲ. ಒಸಿ ಹೊತ್ತು ಬುಟ್ರೆ ಅದೇ ಏಳ್ತೈತೆ."

ನನಗೆ ರೋಮಾಂಚನವಾಯಿತೆಂದರೆ ಉತ್ಪ್ರೇಕ್ಷೆಯಲ್ಲ. ಕಾಲು ಗಂಟೆಯ ನನ್ನ ಭಾಷಣದಲ್ಲಿ ಇಲ್ಲದ್ದು ಅವಳ ನಾಲ್ಕು ಮಾತಿನಲ್ಲಿತ್ತು! ಅಂದಿನಿಂದ ಕಿಟಕಿಯ ಕಟ್ಟೆಯೇ ನಮ್ಮ ಹುಳದ ತಟ್ಟೆಯಾಯಿತು. ಬರೆದ ನೋಟ್‌ಬುಕ್ಕನ್ನು ಅಲ್ಲಿ ಬೋರಲು ಹಾಕಬೇಕು, ಒಂದು ದಿನ ಯಾರೂ ಮುಟ್ಟಬಾರದು, ಮರುದಿನ ತೆರೆದು, ಕಳಚಬೇಕಾದದ್ದಕ್ಕೆ ಒಂದು ಗೆರೆ ಎಳೆದು, ಪಕ್ಕದ ಪುಟದಲ್ಲಿ ಹೊಸದಾಗಿ ಬರೆಯಬೇಕು. ಅಳಿಸುವಂತಿಲ್ಲವಾದ್ದರಿಂದ ರಬ್ಬರುಗಳೆಲ್ಲ ಬಾಟಲಿ ಸೇರಿದವು. "ನಂದು ಎರಡ್ನೇ ಜ್ವರ", "ನಂದು ಇನ್ನೂ ಎದ್ದಿಲ್ಲ ಕಣ್ಲಾ" ಎಂದು ಮಕ್ಕಳು ಮಾತಾಡಿಕೊಳ್ಳುವುದನ್ನು ಕೇಳುತ್ತ, ನಾನು ಬಸ್ಸಿನಲ್ಲಿ ಒಬ್ಬನೇ ನಗುವ ಮಟ್ಟಕ್ಕೆ ಬಂದೆ. ಶನಿವಾರ ತಂದೆ ತಾಯಂದಿರನ್ನು ಕರೆಸಿ ಮಕ್ಕಳಿಂದಲೇ ಓದಿಸುವುದೆಂದು ಸಾರಿಯೂಬಿಟ್ಟೆ.

ಆಮೇಲೆ ನನ್ನ ಕೈ ಸುಮ್ಮನಿರಲಿಲ್ಲ. ಬುಧವಾರ ಮಧ್ಯಾಹ್ನ, ಬಿಸಿಯೂಟದ ಹೊತ್ತು, ತರಗತಿ ಖಾಲಿ. ಕಟ್ಟೆಯ ಮೇಲಿನ ರಮ್ಯಾಳ ನೋಟ್‌ಬುಕ್ಕು ನನ್ನನ್ನು ಕರೆಯಿತು. ಅಭ್ಯಾಸಬಲ ನೋಡಿ, ಕೆಂಪು ಪೆನ್ನು ತಾನಾಗಿ ಜೇಬಿನಿಂದ ಹೊರಬಂತು. ಹುಳದ ಬಗ್ಗೆ ಬರೆದ ಪುಟದಲ್ಲಿ 'ನಮ್ಮವ್ವ ಕಾಲು ತೊಳ್ಕೊತಾಳೆ' ಎಂಬ ವಾಕ್ಯವಿತ್ತು. ಅದನ್ನು ಹೊಡೆದು ಹಾಕಿ, ಪಕ್ಕದಲ್ಲಿ 'ಸಂಬಂಧವಿಲ್ಲ' ಎಂದು ಬರೆದೆ. ಸಾಲದೆಂದು ಮೊದಲಿಗೆ 'ರೇಷ್ಮೆಯು ನಮ್ಮ ಜಿಲ್ಲೆಯ ಪ್ರಮುಖ ಕಸುಬಾಗಿದೆ' ಎಂಬ ಘನವಾದ ವಾಕ್ಯವೊಂದನ್ನು ನನ್ನ ಕಾಣಿಕೆಯಾಗಿ ಸೇರಿಸಿದೆ. ತಲೆಯೆತ್ತಿದರೆ, ತೊಳೆದ ತಟ್ಟೆ ಹಿಡಿದು ರಮ್ಯಾ ಬಾಗಿಲಲ್ಲಿ ನಿಂತಿದ್ದಳು.

ಅವಳು ತಟ್ಟೆಯನ್ನು ಚೀಲಕ್ಕೆ ತುರುಕಿ ಹೊರಗೆ ಹೋದಳು. ಅತ್ತಿದ್ದರೂ ವಾಸಿಯಿತ್ತು. ಗುರುವಾರವಿಡೀ ಪೆನ್ಸಿಲನ್ನು ತುಟಿಗೆ ಒತ್ತಿಕೊಂಡು ಕೂತಳು, ಒಂದಕ್ಷರ ಬರೆಯಲಿಲ್ಲ. ಯಾಕಮ್ಮ ಎಂದರೆ, "ಬುಡಿ ಸಾ, ನೀವೇ ಬರ್ದ್‌ಬುಟ್ಟಿದ್ದೀರಲ್ಲ" ಎಂದಳು. ನನಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಭಯವಾಯಿತು. ಈ ಹುಡುಗಿ ಇನ್ನು ಮುಂದೆ ಮೇಷ್ಟ್ರು ಮೆಚ್ಚುವ ವಾಕ್ಯಗಳನ್ನು ಮಾತ್ರ ಬರೆಯುವವಳಾದರೆ, ಅವಳಿಗೆ ಬರೆಯಲು ಕಲಿಸಿ ನಾನು ಕಡಿದದ್ದೇನು?

ಶುಕ್ರವಾರ ಬೆಳಿಗ್ಗೆ, ಶನಿವಾರಕ್ಕೆಂದು ನಾನು ಬರೆದಿದ್ದ ಸ್ವಾಗತದ ನುಡಿಗಳನ್ನು ಕರಿಹಲಗೆಯ ಮೇಲೆ ಪೂರ್ತಿ ಬರೆದೆ. ನಿಮಗೊಬ್ಬರಿಗೆ ಹೇಳುತ್ತೇನೆ, ಅದು ನನಗೆ ಬಹಳ ಪ್ರಿಯವಾದ ಬರಹ. 'ಜ್ಞಾನದಾಹಿಗಳಾದ' ಎಂಬ ಪದವೇ ಎರಡು ಸಲ ಬಂದಿತ್ತು. "ಇದು ನಿನ್ನೆಯಿಂದ ಜ್ವರಕ್ಕೆ ಕೂತಿತ್ತು, ಈಗ ಎದ್ದಿದೆ. ನೀವೇ ತಿದ್ದಿ" ಎಂದು ಸೀಮೆಸುಣ್ಣ ಅವರ ಕೈಗಿಟ್ಟೆ. ಮೊದಲು ಹಿಂಜರಿದರು. ಆಮೇಲೆ ಮುಗಿಬಿದ್ದರು ನೋಡಿ, ನನ್ನ ಅಲಂಕಾರಗಳು ಒಂದೊಂದಾಗಿ ಉದುರಿದವು. ಕೊನೆಗೆ ರಮ್ಯಾ ಎದ್ದಳು. ತುದಿಗಾಲಲ್ಲಿ ನಿಂತು, 'ಜ್ಞಾನದಾಹಿಗಳಾದ' ಇದ್ದ ವಾಕ್ಯಕ್ಕೆ ಉದ್ದದ ಗೆರೆ ಎಳೆದು, ಪಕ್ಕದಲ್ಲಿ ದುಂಡಗೆ ಬರೆದಳು: 'ಸಂಬಂಧವಿಲ್ಲ'. ತರಗತಿಗೆ ತರಗತಿಯೇ ನಕ್ಕಿತು, ನಾನೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಅವಳು ಮಾತ್ರ ನಗದೆ ತನ್ನ ಜಾಗಕ್ಕೆ ಹೋಗಿ, ನೋಟ್‌ಬುಕ್ಕಿನ ಹೊಸ ಪುಟ ತಿರುವಿದಳು. ಗಂಟೆ ಬಾರಿಸಿದರೂ ತಲೆಯೆತ್ತಲಿಲ್ಲ.

ಶನಿವಾರ ತಂದೆ ತಾಯಂದಿರು ಬಂದು ಜಮಖಾನದ ಮೇಲೆ ಕೂತರು. ಎರಡು ವಾಕ್ಯಕ್ಕೆ ಇಳಿದಿದ್ದ ನನ್ನ ಸ್ವಾಗತ ಬೇಗ ಮುಗಿಯಿತು, ಯಾರಿಗೂ ಬೇಸರವಾದಂತೆ ಕಾಣಲಿಲ್ಲ. ರಮ್ಯಾಳ ಸರದಿ ಬಂತು. ನಾನು ಸೇರಿಸಿದ್ದ ಜಿಲ್ಲೆಯ ಪ್ರಮುಖ ಕಸುಬು ಎಲ್ಲೂ ಇರಲಿಲ್ಲ. ನಾನು ಹೊಡೆದುಹಾಕಿದ್ದ ವಾಕ್ಯವೇ ಬೆಳೆದು ಮೊದಲಿಗೆ ಬಂದು ಕೂತಿತ್ತು.

"ನಮ್ಮವ್ವ ಹುಳದ ಮನೆಗೆ ಹೋಗುವಾಗ ಕಾಲು ತೊಳ್ಕೊತಾಳೆ. ನಮ್ಮ ಮನೆಗೆ ಬರುವಾಗ ಮರ್ತುಬಿಡ್ತಾಳೆ. ಹುಳಕ್ಕೆ ರೋಗ ಬಂದರೆ ನಮ್ಮವ್ವ ಊಟ ಮಾಡಲ್ಲ. ನಾನು ಒಂದಿನ ಹುಳ ಆಗಬೇಕು."

ರಮ್ಯಾಳ ತಾಯಿ ಪಾದಗಳನ್ನು ಸೀರೆಯ ಅಂಚಿನೊಳಗೆ ಎಳೆದುಕೊಂಡು, ಮಗಳ ಮುಖವನ್ನೇ ನೋಡುತ್ತಿದ್ದವರು, ನನ್ನತ್ತ ತಿರುಗಿ ಮೆಲ್ಲಗೆ ಹೇಳಿದರು:

"ಇವತ್ತು ಇಸ್ಕೂಲ್ಗೆ ಕಾಲ್ ತೊಳ್ಕಂಡೇ ಬಂದಿವ್ನಿ ಸಾ."

ಓದು ಮುಗಿದು ದೊಡ್ಡವರೆಲ್ಲ ಎದ್ದ ಮೇಲೆ, ಮಕ್ಕಳಿಗೆ ರಬ್ಬರುಗಳನ್ನು ಹಿಂದಿರುಗಿಸಲು ಬಾಟಲಿ ತೆರೆದೆ. ರಮ್ಯಾ ತನ್ನ ಕಲ್ಲಂಗಡಿ ಹೋಳನ್ನು ತೆಗೆದು, ಒಮ್ಮೆ ಮೂಸಿ, ಮತ್ತೆ ಒಳಗೆ ಹಾಕಿ, ಬಾಟಲಿಯನ್ನು ಹಾಗೇ ನನ್ನ ಜೇಬಿನ ಎದುರಿಗೆ ಹಿಡಿದು ನಿಂತಳು. ಉಳಿದ ಮಕ್ಕಳೂ ತಮ್ಮದನ್ನು ವಾಪಸ್ ಕೇಳಲಿಲ್ಲ. ಹೀಗಾಗಿ ಈಗ ಆ ಬಾಟಲಿಯಲ್ಲಿ ಹತ್ತೊಂಬತ್ತು ರಬ್ಬರುಗಳ ಜೊತೆಗೆ ಒಂದು ಕೆಂಪು ಪೆನ್ನೂ ಇದೆ. ಅದಕ್ಕೂ ನಿಧಾನವಾಗಿ ಸ್ಟ್ರಾಬೆರಿಯ ವಾಸನೆ ಹತ್ತುತ್ತಿದೆ.