ತಪ್ಪು ಮಗ್ಗಿ ಕಲಿಸಿದ ಟೀಚರ್

ಹೈದರಾಬಾದಿನಲ್ಲಿ ಐ.ಟಿ. ಕಂಪನಿಗಳು ಏಳುತ್ತಿದ್ದ ಕಾಲ. ಸನತ್‌ನಗರದ ನಮ್ಮ ಕನ್ನಡ ಶಾಲೆಗೆ ಯಾರೋ ಮಾತಾಡುವ ಪುಟ್ಟ ರೋಬೋಟ್ ಕೊಟ್ಟಿದ್ದರು. ಗಣಿತದ ಟೀಚರ್ ಸೆರಗಿನಿಂದ ಅದರ ಮುಖ ಒರೆಸುತ್ತ, “ತಪ್ಪಾದ್ರ ಆಗ್ಲಿ, ಹೇಳ್ರಿ” ಎಂದು ನಮ್ಮನ್ನು ಹುರಿದುಂಬಿಸುತ್ತಿದ್ದರು. ತೊದಲುತ್ತಿದ್ದ ನಾನು ಮಾತ್ರ ಬಾಯಿ ಬಿಡುತ್ತಿರಲಿಲ್ಲ.

ಒಂದು ದಿನ ಅವರು ರೋಬೋಟನ್ನು ನನ್ನೆದುರು ಕೂರಿಸಿದರು. “ಏಳೆಂಟ್ಲೆ ಐವತ್ತೆಂಟು,” ಎಂದಿತು ಅದು.

“ಅ... ಅಲ್ಲ, ಐ... ಐವತ್ತಾರು!”

“ಹೌದಾ? ಪೂರಾ ಮಗ್ಗಿ ಹೇಳಿಕೊಡ್ತೀಯಾ?”

ಹೇಳಿಕೊಟ್ಟೆ. ಅದು ನಗಲಿಲ್ಲ, ಅವಸರ ಮಾಡಲಿಲ್ಲ.

ಸಂಜೆ ಟೀಚರನ್ನು ಕೇಳಿದೆ: “ಅದಕ್ಕ ಮ... ಮಗ್ಗಿ ಬರಂಗಿಲ್ಲೇನ್ರಿ?”

“ಭಾಳ ಛಲೋ ಬರ್ತೈತವಾ. ನಿನ್ನ ಮುಂದ ತಪ್ಪು ಹೇಳೂದು ಅದಕ್ಕ ಕಲಿಸಾಕ ನನಗ ಒಂದು ವಾರ ಹಿಡೀತು.”

ನಾನು ಈಗಲೂ ತೊದಲುತ್ತೇನೆ. ಅವರ ದಯೆಯಿಂದ, ತೊದಲುತ್ತಲೇ ನಾಲ್ಕು ಜನರೆದುರು ಮಾತಾಡುತ್ತೇನೆ.